ತೂಗದ ಗಡಿಗೆ

ನಮ್ಮದು ತಕ್ಕಡಿ ಮಾಡುವ ಮನೆತನ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಸಂಗತಿ ಯಾರ ಮನೆಯಲ್ಲಿ ನಡೆಯಿತು ಎಂಬುದು ಗೊತ್ತಿಲ್ಲದಿದ್ದರೆ ಜನ ಬಾಯಿಗೆ ಬಂದಂತೆ ಮಾತಾಡುತ್ತಾರೆ. ಮುತ್ತಜ್ಜನ ಕಾಲದಿಂದ ಈ ಪಟ್ಟಣದಲ್ಲಿ ಚಿನ್ನ ತೂಗುವ ಅಂಗೈಯಗಲದ ತಕ್ಕಡಿಯಿಂದ ಹಿಡಿದು ಉಣ್ಣೆಯ ಮೂಟೆ ತೂಗುವ ಆಳೆತ್ತರದ ತಕ್ಕಡಿಯವರೆಗೆ ಎಲ್ಲವೂ ನಮ್ಮವರ ಕೈಯಿಂದಲೇ ಹೋದದ್ದು. ಸಂತೆಯಲ್ಲಿ ಇಬ್ಬರು ಕೈಕೈ ಮಿಲಾಯಿಸಿದರೆ ಮೂರನೆಯವರು "ಆ ಮನೆಯ ತಕ್ಕಡಿ ತರಿಸಿ" ಎನ್ನುತ್ತಿದ್ದರು. ತರಿಸಿದ ಮೇಲೆ ಜಗಳ ಉಳಿಯುತ್ತಿರಲಿಲ್ಲ. ನ್ಯಾಯಾಧೀಶರು ನಮ್ಮ ಅಜ್ಜನನ್ನು ಕಂಡರೆ ಎದ್ದು ನಿಂತು ಕುರ್ಚಿ ಎಳೆದುಕೊಡುತ್ತಿದ್ದರು. ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಕಾನ್ವೆಂಟಿನಲ್ಲಿ ಓದಿದವರು. ಬೆನ್ನು ನೆಟ್ಟಗಿಟ್ಟು ಕೂರಬೇಕು, ಕಂಡದ್ದನ್ನು ಕಂಡಷ್ಟೇ ಹೇಳಬೇಕು ಎಂದು ಅಲ್ಲಿ ಕಲಿಸಿದರು. ನಾನು ಎರಡನ್ನೂ ಇಂದಿನವರೆಗೆ ಬಿಟ್ಟಿಲ್ಲ.

ದೆವ್ವದ ಮಾತು ಬಂದರೆ ಜನ ದೀಪ ಸಣ್ಣದು ಮಾಡುತ್ತಾರೆ. ನನಗೆ ಅದರ ಅಗತ್ಯವಿಲ್ಲ. ದೀಪ ಹಾಗೇ ಇರಲಿ.

ಇದು ನಡೆದದ್ದು ನನ್ನ ಚಿಕ್ಕಪ್ಪನ ಮನೆಯ ಸೊಸೆಗೆ.

ಪಟ್ಟಣದ ಬೆನ್ನಿಗೆ ನಿಂತಿರುವ ಬೆಟ್ಟದ ಮೇಲೆ ಒರತೆಯವರು ಎಂಬ ಜನ ಇದ್ದಾರೆ. ಅಲ್ಲಿ ಎರಡು ಬಂಡೆಗಳ ಸಂದಿಯಲ್ಲಿ ಒಂದು ಒರತೆ. ಬೇಸಿಗೆಯಲ್ಲೂ ಬತ್ತುವುದಿಲ್ಲ. ಆ ನೀರನ್ನು ಅವರು ನೀರು ಎನ್ನುವುದಿಲ್ಲ, ದೊಡ್ಡಮ್ಮ ಎನ್ನುತ್ತಾರೆ. ಕಾಯಿಲೆ ಬಿದ್ದವರಿಗೆ ದೊಡ್ಡಮ್ಮನನ್ನೇ ಕರೆತರುವುದು. ಅದನ್ನು ಹೊತ್ತು ತರುವವಳು ತಾಯಿಯ ಕಡೆಯವಳೇ ಆಗಿರಬೇಕು. ಗಡಿಗೆ ತುಂಬಿಸಿ ಸೊಂಟಕ್ಕೆ ಏರಿಸಿದ ಮೇಲೆ ಮಾತಾಡುವ ಹಾಗಿಲ್ಲ, ತಿರುಗಿ ನೋಡುವ ಹಾಗಿಲ್ಲ, ಗಡಿಗೆಯನ್ನು ನೆಲಕ್ಕೆ ಇಳಿಸುವ ಹಾಗಿಲ್ಲ. ದಾರಿಯಲ್ಲಿ ಎದುರಾದವರು ಪಕ್ಕಕ್ಕೆ ಸರಿದು ಮುಖ ತಿರುಗಿಸಿ ನಿಲ್ಲಬೇಕು. ಯಾರೂ ಮಾತಾಡಿಸಬಾರದು. ರೋಗಿ ಮೂರು ಗುಟುಕು ಕುಡಿದ ಮೇಲೆ ಹೊತ್ತವಳು ಬಾಯಿ ತೆರೆಯುತ್ತಾಳೆ. ಅವಳ ಮೊದಲ ಮಾತು ರೋಗಿಯ ಹೆಸರು. ನಾವು ನೀವು ಕರೆಯುವ ಹೆಸರಲ್ಲ. ಮಗು ಹುಟ್ಟಿದಾಗ ಒರತೆಯ ಬಳಿ ಅಜ್ಜಿ ಕಿವಿಯಲ್ಲಿ ಹೇಳುವ ಹೆಸರು. ಆ ಹೆಸರು ಹಿಡಿದು ಕೂಗಿದರೆ ಎಷ್ಟು ದೂರ ಹೋದ ಜೀವವೂ ತಿರುಗಿ ನೋಡುತ್ತದಂತೆ.

ಚಿಕ್ಕಪ್ಪನ ಮಗ ಬೆಟ್ಟದ ಮೇಲೆ ಉಣ್ಣೆಯ ಕೊಟ್ಟಿಗೆಯಲ್ಲಿದ್ದ ತಕ್ಕಡಿಯ ರಿಪೇರಿಗೆ ಹೋಗಿದ್ದ. ತಕ್ಕಡಿ ಸರಿಮಾಡಲು ಹೋದವನು ತಾನೇ ಒಂದು ಕಡೆ ವಾಲಿಕೊಂಡು ಬಂದ. ಅಲ್ಲಿ ಕಂಡ ಒರತೆಯವರ ಹುಡುಗಿಯನ್ನೇ ಮದುವೆಯಾಗುತ್ತೇನೆ ಎಂದ. ನಮ್ಮ ಚಿಕ್ಕಮ್ಮ, ಅಂದರೆ ಅವಳಿಗೆ ಅತ್ತೆಯಾಗಬೇಕಾದವರು, ಮೂರು ದಿನ ಅನ್ನ ಬಿಟ್ಟರು. ಆಮೇಲೆ ಒಪ್ಪಿದರು. ಆದರೆ ಕರಾರು ಹಾಕಿದರು. ಬಂದವಳು ಬೆಟ್ಟ ಹತ್ತಬಾರದು. ಮನೆಯೊಳಗೆ ಬೆಟ್ಟದ ಮಾತು ಆಡಬಾರದು. ಹುಡುಗಿ ಎಲ್ಲಕ್ಕೂ ಹೂಂ ಎಂದಳು. ಮದುವೆಯ ಹೊತ್ತಿನಲ್ಲಿ ಹೂಂ ಎನ್ನುವುದು ಸುಲಭ.

ಮಗಳು ಹುಟ್ಟಿದ ತಿಂಗಳಿಗೆ ಬೆಟ್ಟದಿಂದ ಅವಳ ತಾಯಿ ಇಳಿದು ಬಂದಳು. ಎಡಗಾಲು ಸ್ವಲ್ಪ ಎಳೆಯುವ, ಸಣ್ಣ ಮೈಯ ಹೆಂಗಸು. ಮುಂಬಾಗಿಲಲ್ಲಿ ನಿಂತು, ಮಗುವನ್ನು ಒರತೆಗೆ ಕರೆದೊಯ್ದು ಹೆಸರು ಹೇಳಿ ಸಂಜೆಯೊಳಗೆ ವಾಪಸ್ ತರುತ್ತೇನೆ ಎಂದಳು. ಅತ್ತೆ ಹೊಸ್ತಿಲ ಮೇಲೆ ನಿಂತಿದ್ದರು.

"ನಮ್ಮ ಮನೇಲಿ ನಲ್ಲಿ ಇದೆ ಕಣಮ್ಮ. ತಿರುಗಿಸಿದ್ರೆ ನೀರು ಬರುತ್ತೆ. ಬೆಟ್ಟ ಹತ್ತಬೇಕಾಗಿಲ್ಲ."

ತಾಯಿ ಅತ್ತೆಯ ಹೆಗಲ ಮೇಲಿನಿಂದ ಒಳಗೆ ನೋಡಿದಳು. ಒಳಬಾಗಿಲಲ್ಲಿ ಮಗಳು ಕೂಸನ್ನು ಎತ್ತಿಕೊಂಡು ನಿಂತಿದ್ದಳು.

"ನೀನೇನಂತೀಯೇ, ಮಗಾ?"

ಸೊಸೆ ಕೂಸಿನ ಕಂಬಳಿಯ ಅಂಚನ್ನು ನೋಡುತ್ತ ನಿಂತಳು. ಅಂಚಿನಲ್ಲಿ ಒಂದು ದಾರ ಬಿಚ್ಚಿಕೊಂಡಿತ್ತು. ಅದನ್ನು ಬೆರಳಿಗೆ ಸುತ್ತಿದಳು... ಬಿಚ್ಚಿದಳು... ಬಾಯಿ ತೆರೆಯಲಿಲ್ಲ.

"ಆಯ್ತು ಬಿಡು" ಎಂದಳು ತಾಯಿ. "ಹೆಸರು ನನ್ನ ಹತ್ರಾನೇ ಇರುತ್ತೆ. ಎಲ್ಲಿ ಹೋಗುತ್ತೆ?"

ಹೋದಳು. ಮತ್ತೆ ಬರಲಿಲ್ಲ. ಮಗು ಓಡಾಡಿತು, ಮಾತು ಕಲಿಯಿತು, ಮನೆಗೆ ಅಂಟಿಕೊಂಡ ತಕ್ಕಡಿ ಕಾರ್ಖಾನೆಯ ನೆಲದಲ್ಲಿ ಕೂತು ಸಣ್ಣ ತೂಕದ ಕಲ್ಲುಗಳನ್ನು ಸಾಲಾಗಿ ಜೋಡಿಸುವುದನ್ನು ಕಲಿಯಿತು. ಅಜ್ಜಿ ಎಂದರೆ ಅದಕ್ಕೆ ಒಬ್ಬರೇ. ಸೊಸೆ ಆ ದಿನದ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ. ಆದರೆ ರಾತ್ರಿ ಮಗುವಿಗೆ ಅದೇ ಕಂಬಳಿ ಹೊದಿಸುವಾಗ ಅವಳ ಬೆರಳು ಆ ಅಂಚನ್ನು ಹುಡುಕುತ್ತಿತ್ತು.

ಒಂದು ಮಳೆಗಾಲದ ಕೊನೆಯಲ್ಲಿ ಮಗುವಿಗೆ ಜ್ವರ ಬಂತು. ಬಂದ ಜ್ವರ ಇಳಿಯಲಿಲ್ಲ. ಡಾಕ್ಟರು ಬಂದರು, ಇಂಜೆಕ್ಷನ್ ಕೊಟ್ಟರು, ಮಾರನೆಯ ದಿನ ಬಂದು ಬೇರೆ ಇಂಜೆಕ್ಷನ್ ಕೊಟ್ಟರು. ಮಗು ಕಣ್ಣು ಬಿಡುವುದನ್ನು ನಿಲ್ಲಿಸಿತು. ಸೊಸೆ ಯಾರನ್ನೂ ಕೇಳದೆ, ಬೆಟ್ಟಕ್ಕೆ ಹೇಸರಗತ್ತೆಯ ಮೇಲೆ ಸಾಮಾನು ಸಾಗಿಸುವವನ ಹತ್ತಿರ ಹೇಳಿಕಳಿಸಿದಳು. "ಮಗೂಗೆ ತುಂಬಾ ಜೋರಾಗಿದೆ ಅಂತ ನಮ್ಮವ್ವನಿಗೆ ಹೇಳಿ. ಅಷ್ಟೇ ಹೇಳಿ ಸಾಕು."

ಒಂದು ದಿನ ಹೋಯಿತು. ಇನ್ನೊಂದು ದಿನವೂ ಹೋಯಿತು. ಯಾರೂ ಬರಲಿಲ್ಲ. ಅತ್ತೆಗೆ ವಿಷಯ ಹೇಗೋ ಗೊತ್ತಾಯಿತು.

"ಬರ್ತಾಳೆ ಅಂತ ದಾರಿ ಕಾಯ್ತಿದ್ದೀಯಾ? ಕಲ್ಲಿನ ಮಧ್ಯೆ ಬೆಳೆದವಳು. ಎದೆಯೂ ಕಲ್ಲೇ."

ಸೊಸೆ ಮಗುವಿನ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಾಯಿಸಿದಳು. 

ಮೂರನೆಯ ದಿನ ರಾತ್ರಿ ಡಾಕ್ಟರು ಹೊಸ ಔಷಧಿಯ ಹೆಸರು ಹೇಳಿಕಳಿಸಿದರು. ಗಂಡ ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ; ಮಂಚದ ಅಂಚಿಗೆ ತಲೆಯಿಟ್ಟವನು ಹಾಗೇ ನಿದ್ದೆಹೋಗಿದ್ದ. ಅವನನ್ನು ಎಬ್ಬಿಸಲು ಮನಸ್ಸಾಗದೆ ಸೊಸೆ ತಾನೇ ಶಾಲು ಹೊದ್ದು ಹೊರಟಳು. ಔಷಧಿ ಅಂಗಡಿಯವನು ಬಾಗಿಲು ಅರ್ಧ ಎಳೆದಿದ್ದ. ಅವಳನ್ನು ಕಂಡು ಮತ್ತೆ ಮೇಲಕ್ಕೆತ್ತಿದ.

"ಡಾಕ್ಟರು ಏನಂದ್ರಮ್ಮ?"

"ಈ ರಾತ್ರಿ ಕಳೀಲಿ ಅಂದ್ರು."

ಅವನು ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಎರಡೂ ಕೈಯಿಂದ ಕೊಟ್ಟ.

ಮನೆಗೆ ಬರುವ ದಾರಿ ಚಮ್ಮಾರರ ಓಣಿಯ ತಿರುವಿನಲ್ಲಿ ಹಳೆಯ ಬಾವಿಯನ್ನು ಹಾದು ಬರುತ್ತದೆ. ನಲ್ಲಿ ಬಂದ ಮೇಲೆ ಆ ಬಾವಿಗೆ ಯಾರೂ ಹೋಗುವುದಿಲ್ಲ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಮಳೆ ನಿಂತಿತ್ತು. ಸೂರಿನಿಂದ ನೀರು ಇಳಿಯುತ್ತಿತ್ತು... ತೊಟ್... ತೊಟ್. ಯಾವುದೋ ಅಂಗಡಿಯ ತಗಡಿನ ಬೋರ್ಡು ಗಾಳಿಗೆ ಕಿರ್ರ್ ಎಂದು ಸುಮ್ಮನಾಯಿತು. ಅವಳ ಚಪ್ಪಲಿ ಕೆಸರಿನಲ್ಲಿ ಪಚಕ್ ಪಚಕ್ ಎನ್ನುತ್ತಿತ್ತು. ನಾಯಿ ಕೂಡ ಇರಲಿಲ್ಲ.

ಬಾವಿಯ ಹತ್ತಿರ ಬಂದಾಗ ಹಿಂದಿನಿಂದ ಒಂದು ಸದ್ದು.

ತುಳುಕ್... ತುಳ್. ತುಳುಕ್... ತುಳ್.

ನಿಂತಳು. ಸದ್ದು ಬಾವಿಯದಲ್ಲ. ದಾರಿಯದು. ತುಂಬಿದ ಗಡಿಗೆಯಲ್ಲಿ ನೀರು ಕತ್ತಿನವರೆಗೆ ಏರಿ ಇಳಿಯುವ ಸದ್ದು. ಒಂದು ಹೆಜ್ಜೆಗೆ ಉದ್ದ, ಇನ್ನೊಂದಕ್ಕೆ ಮೊಟಕು. ಎಡಗಾಲು ಎಳೆಯುವವರು ಹೊತ್ತರೆ ಮಾತ್ರ ನೀರು ಹಾಗೆ ತುಳುಕುತ್ತದೆ. ಈ ಸದ್ದು ಕೇಳಿಕೊಂಡೇ ಅವಳು ಬೆಳೆದದ್ದು. ಬೆಟ್ಟದ ಗುಡಿಸಲಿನಲ್ಲಿ ಕತ್ತಲಾದ ಮೇಲೆ ಈ ಸದ್ದು ಕೇಳಿದರೆ ಸಾಕು, ಅವ್ವ ಬಂದಳು ಎಂದು ಒಲೆಯ ಮುಂದೆ ಜಾಗ ಬಿಡುತ್ತಿದ್ದಳು.

ಅವ್ವಾ ಎಂಬ ಕೂಗು ಗಂಟಲಿನವರೆಗೆ ಬಂತು. ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಮಾತಾಡಿಸಬಾರದು. ಪಕ್ಕಕ್ಕೆ ಸರಿದು, ಗೋಡೆಗೆ ಹಣೆ ತಾಗುವಷ್ಟು ಹತ್ತಿರ ಮುಖ ಮಾಡಿ ನಿಂತಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯಿಂದಲ್ಲ. ಬಂದಳಲ್ಲ... ಕೊನೆಗೂ ಬಂದಳಲ್ಲ ಎಂದು.

ಸದ್ದು ಹತ್ತಿರವಾಯಿತು. ಬೆನ್ನ ಹಿಂದೆಯೇ ಹಾಯಿತು. ಹಸಿ ಪಾಚಿಯ ವಾಸನೆ. ನೆಲಮಾಳಿಗೆಯ ಬಾಗಿಲು ತೆಗೆದಾಗ ಬರುವಂಥ ತಂಪು. ನೀರಿನ ಸದ್ದು ಮಾತ್ರ ಇತ್ತು. ಕೆಸರಿನಲ್ಲಿ ಹೆಜ್ಜೆಯ ಸದ್ದು ಇರಲಿಲ್ಲ. ಬೆಟ್ಟದ ಹೆಂಗಸರು ಬರಿಗಾಲಿನವರು, ನಡೆದದ್ದು ಗೊತ್ತಾಗುವುದಿಲ್ಲ ಎಂದುಕೊಂಡಳು ಸೊಸೆ.

ಬೇರೆ ಯಾರಾದರೂ ಆಗಿದ್ದರೆ ಆ ಹೊತ್ತಿಗೆ ಕಿರುಚಿಕೊಂಡು ಓಡುತ್ತಿದ್ದರು. ಮಾತಾಡದ, ತಿರುಗಿ ನೋಡದ, ಹೆಜ್ಜೆ ಸದ್ದಿಲ್ಲದ ಆಕೃತಿಯನ್ನು ಕಂಡರೆ ಪಟ್ಟಣದವರು ಇನ್ನೇನು ತಿಳಿಯುತ್ತಾರೆ? ಆದರೆ ಅವಳು ಒರತೆಯವಳು. ಅವರಲ್ಲಿ ನೀರು ಹೊತ್ತವರು ಇರುವುದೇ ಹಾಗೆ. ಅವಳಿಗೆ ಅನುಮಾನಪಡಲು ಕಾರಣವೇ ಇರಲಿಲ್ಲ.

ಮುಂದೆ ತಾಯಿ, ಹಿಂದೆ ಮಗಳು. ಮನೆ ಬಂತು. ತಾಯಿ ಮುಂಬಾಗಿಲ ಕಡೆ ಹೋಗಲಿಲ್ಲ. ಅಲ್ಲಿ ಒಮ್ಮೆ ಬೇಡ ಅನ್ನಿಸಿಕೊಂಡವಳು. ನೇರವಾಗಿ ಪಕ್ಕದ ಸಂದಿಗೆ ತಿರುಗಿ ಕಾರ್ಖಾನೆಯ ಬಾಗಿಲ ಮುಂದೆ ನಿಂತಳು. ಆ ಬಾಗಿಲು ಇರುವುದು ಅವಳಿಗೆ ಹೇಗೆ ಗೊತ್ತಾಯಿತು ಎಂಬುದು ಸೊಸೆಗೆ ಆಗ ಹೊಳೆಯಲಿಲ್ಲ. ಸೊಸೆ ಬೀಗ ತೆಗೆದಳು. ಒಳಗೆ ಬಂದು ಅಭ್ಯಾಸದಂತೆ ಅಗುಳಿ ಹಾಕಿದಳು.

ನಮ್ಮ ಕಾರ್ಖಾನೆಯನ್ನು ನೋಡಿದವರಿಗೆ ಗೊತ್ತು. ತೊಲೆಯಿಂದ ತೊಲೆಗೆ ತಕ್ಕಡಿಗಳು ನೇತಾಡುತ್ತಿರುತ್ತವೆ. ಹಿತ್ತಾಳೆಯ ತಟ್ಟೆ, ಮೂರು ಮೂರು ಸರಪಳಿ. ನಡುವೆ ಒಬ್ಬರು ಮೈ ಕುಗ್ಗಿಸಿ ಹೋಗುವಷ್ಟೇ ದಾರಿ. ಎಷ್ಟೇ ಜಾಗ್ರತೆಯಾಗಿ ಹೋದರೂ ಒಂದಾದರೂ ತಟ್ಟೆ ತಾಗಿ ಕಿಣ್ ಎನ್ನುತ್ತದೆ. ಕತ್ತಲಲ್ಲಿ ಸೊಸೆ ದಾಟಿದಳು... ಕಿಣ್... ಕಿಣಿಕಿಣಿ... ಕಿಣ್. ಅವಳ ಮುಂದೆ, ಸೊಂಟದಲ್ಲಿ ಗಡಿಗೆ ಇಟ್ಟುಕೊಂಡು ಅವಳಿಗಿಂತ ಅಗಲವಾಗಿ ಹೋದವಳಿಗೆ ಒಂದು ತಟ್ಟೆಯೂ ತಾಗಲಿಲ್ಲ.

"ಯಾರು?" ಪಕ್ಕದ ಕೋಣೆಯಿಂದ ಅತ್ತೆಯ ದನಿ.

"ನಾನೇ ಅತ್ತೆ. ಔಷಧಿ ತಂದೆ."

"ಅದೇನು ನೀರು ತುಳುಕೋ ಸದ್ದು?"

ಸೊಸೆ ಮಗುವಿನ ಕೋಣೆಯ ಕಡೆ ಹೆಜ್ಜೆ ಹಾಕಿದಳು.

"ನೆಲ ಒದ್ದೆ ಮಾಡಬೇಡ. ಮೊನ್ನೆ ತಾನೇ ಪಾಲಿಶ್ ಹಾಕಿಸಿದ್ದು. ಜಾರಿ ಬಿದ್ದೀಯ."

ಇಷ್ಟು ಮಾತನ್ನು ಚಿಕ್ಕಮ್ಮ ಆಡಿದರು ಎಂಬುದನ್ನು ಗಮನದಲ್ಲಿಡಿ.

ಮಗುವಿನ ಕೋಣೆಯಲ್ಲಿ ಸಣ್ಣ ದೀಪ ಉರಿಯುತ್ತಿತ್ತು. ಗಂಡ ಹಾಗೇ ನಿದ್ದೆಯಲ್ಲಿದ್ದ. ಮಗುವಿನ ಉಸಿರು ಗರ್... ಗರ್... ಎಂದು ಮಧ್ಯೆ ಮಧ್ಯೆ ನಿಲ್ಲುತ್ತಿತ್ತು. ತಾಯಿ ಮಂಚದ ತಲೆದೆಸೆಯಲ್ಲಿ ನಿಂತಳು. ಗಡಿಗೆಯನ್ನು ಸೊಂಟದಿಂದ ಇಳಿಸದೆಯೇ ಬಾಗಿಸಿ ಅಂಗೈಗೆ ನೀರು ಬಿಟ್ಟುಕೊಂಡಳು. ಅಂಗೈ ಮಗುವಿನ ತುಟಿಗೆ ಹೋಯಿತು.

ಗುಟುಕ್.

ಮತ್ತೆ ನೀರು. ಗುಟುಕ್.

ಮೂರನೆಯದಕ್ಕೆ ಮಗು ತಾನೇ ಬಾಯಿ ತೆರೆಯಿತು... ಗುಟುಕ್.

ತಾಯಿ ಮಗುವಿನ ಕಿವಿಯ ಹತ್ತಿರ ಬಾಗಿದಳು. ಅವಳ ಕೂದಲಿನಿಂದ ನೀರು ದಿಂಬಿನ ಮೇಲೆ ಬಿತ್ತು. ತೊಟ್... ತೊಟ್... ಸೊಸೆ ಉಸಿರು ಬಿಗಿಹಿಡಿದು ಕಾದಳು. ಈಗ ಹೆಸರು ಬರುತ್ತದೆ. ಈಗ ಅವ್ವನ ದನಿ ಕೇಳುತ್ತದೆ. ಆಮೇಲೆ ಇಬ್ಬರೂ ಅಳಬಹುದು, ಬೈದುಕೊಳ್ಳಬಹುದು, ಏನಾದರೂ ಮಾಡಬಹುದು.

ಏನೂ ಕೇಳಿಸಲಿಲ್ಲ.

ತಾಯಿ ನೆಟ್ಟಗಾದಳು.

"ಅವ್ವಾ" ಎಂದು ಪಿಸುಗುಟ್ಟಿದಳು ಸೊಸೆ. "ಕುಡೀತಲ್ಲ ಮಗು. ಇನ್ನು ಮಾತಾಡಬಹುದು."

ಇಲ್ಲ.

"ಒಂದು ಮಾತಾಡೇ ಅವ್ವಾ... ಅವತ್ತು ಬಾಗಿಲಲ್ಲಿ ನಾನು..."

ತಾಯಿ ಕೈ ಚಾಚಿ ಒದ್ದೆ ಅಂಗೈಯನ್ನು ಅವಳ ಕೆನ್ನೆಯ ಮೇಲಿಟ್ಟಳು. ಒರತೆಯ ಒಳಗಿನ ಕಲ್ಲು ಮುಟ್ಟಿದರೆ ಹೇಗಿರುತ್ತದೋ ಹಾಗಿತ್ತು ಆ ಕೈ. ಸೊಸೆಯ ಮಾತು ಅಲ್ಲಿಗೇ ನಿಂತಿತು. ಹಿಂದೆ ಮಗು ಕೆಮ್ಮಿತು. ಅವಳು ತಿರುಗಿ ಅದರ ಬೆನ್ನು ಸವರಿದಳು. ಮತ್ತೆ ತಿರುಗುವಷ್ಟರಲ್ಲಿ ಬಾಗಿಲು ಬರಿದಾಗಿತ್ತು.

ಓಡಿದಳು. ಕಾರ್ಖಾನೆಯ ತಟ್ಟೆಗಳೆಲ್ಲ ಅವಳ ತಲೆಗೆ, ಹೆಗಲಿಗೆ ಬಡಿದು ಝಣಝಣ ಎಂದವು. ಬಾಗಿಲ ಅಗುಳಿ ಹಾಕಿದ್ದು ಹಾಕಿದಂತೆಯೇ ಇತ್ತು. ತೆಗೆದು ಸಂದಿ ನೋಡಿದಳು. ಓಣಿ ನೋಡಿದಳು. ಸೂರಿನ ನೀರು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬಂದಾಯಿತು, ಕುಡಿಸಿಯಾಯಿತು, ಆದರೆ ನನ್ನ ಹತ್ತಿರ ಮಾತಾಡಲು ಮನಸ್ಸಿಲ್ಲ. ಇನ್ನೂ ಸಿಟ್ಟಿದೆ. ಇರಬೇಕಾದ್ದೇ. ಹೀಗೆ ಅಂದುಕೊಂಡು ಒಳಗೆ ಬಂದಳು. ಮಗುವಿಗೆ ಡಾಕ್ಟರರ ಔಷಧಿಯನ್ನೂ ಕೊಟ್ಟಳು. ಅದನ್ನು ನಾನು ಮುಚ್ಚಿಡುವುದಿಲ್ಲ. ಕೊಟ್ಟಳು.

ಬೆಳಕು ಹರಿಯುವ ಹೊತ್ತಿಗೆ ಮಗು ಬೆವತು, ಕಣ್ಣು ಬಿಟ್ಟು, ಹಾಲು ಕೇಳಿತು. ಗಂಡ ಮುಖ ತೊಳೆಯಲು ಹೊರಟವನು ಕಾರ್ಖಾನೆಯಿಂದ ಕೂಗಿದ.

"ಲೇ, ಇಲ್ಲಿ ಬಾ. ಈ ಗಡಿಗೆ ಯಾರದು?"

ಹಿಂದಿನ ದಿನ ಮುಗಿಸಿ ತೂಗುಹಾಕಿದ್ದ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಕರಿಮಣ್ಣಿನ ಗಡಿಗೆ ಕೂತಿತ್ತು. ಕತ್ತಿನವರೆಗೆ ನೀರು. ನೆಲಕ್ಕೆ ಇಳಿಸುವ ಹಾಗಿಲ್ಲವಲ್ಲ. ಸೊಸೆ ಅದನ್ನು ನೋಡಿ ಮೊದಲ ಸಲ ನಕ್ಕಳು. "ನಮ್ಮವ್ವಂದು. ರಾತ್ರಿ ಬಂದಿದ್ದಳು."

ಗಂಡ ನಗಲಿಲ್ಲ. ಅವನು ಗಡಿಗೆಯನ್ನು ನೋಡುತ್ತಿರಲಿಲ್ಲ. ತಕ್ಕಡಿಯ ಮುಳ್ಳನ್ನು ನೋಡುತ್ತಿದ್ದ.

ಅಷ್ಟರಲ್ಲಿ ಮುಂಬಾಗಿಲಲ್ಲಿ ಯಾರೋ ಕೆಮ್ಮಿದರು. ಹೇಸರಗತ್ತೆಯವನು. ಮೊಣಕಾಲಿನವರೆಗೆ ಕೆಸರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ತಂಗೀ... ನಿಮ್ಮವ್ವ..."

"ಬಂದಿದ್ದಳಲ್ಲ. ಬೆಳಗ್ಗೆ ದಾರೀಲಿ ಸಿಕ್ಕಳಾ?"

ಅವನು ಅವಳ ಗಂಡನ ಮುಖ ನೋಡಿದ. ಆಮೇಲೆ ಟೋಪಿ ನೋಡಿಕೊಂಡು ಹೇಳಿದ.

"ನಾನು ಸುದ್ದಿ ಹೇಳಿದ ಸಂಜೆಯೇ ಗಡಿಗೆ ತುಂಬಿಸಿ ಹೊರಟುಬಿಟ್ಟಳು. ಮಳೆ ನಿಲ್ಲಲಿ ಅಂದ್ರೆ ಕೇಳಲಿಲ್ಲ. ನೀರು ಹೊತ್ತ ಮೇಲೆ ಯಾರು ಮಾತಾಡಿಸೋದು? ಸುಮ್ಮನೆ ಮುಖ ತಿರುಗಿಸಿ ನಿಂತ್ವಿ... ಮೇಲಿನ ತಿರುವಿನ ಹತ್ರ ದಾರಿ ಕುಸಿದಿದೆ. ನಿನ್ನೆ ಮಧ್ಯಾಹ್ನ ಕೆಳಗೆ ಸಿಕ್ಕಳು. ಮನೆಗೆ ತಂದು ಮಲಗಿಸಿದ್ದೀವಿ."

ಅವನು ಟೋಪಿಯ ಅಂಚನ್ನು ಮಡಿಸಿದ.

"ಕೈ ಮಾತ್ರ ನೆಟ್ಟಗಾಗಲಿಲ್ಲ, ತಂಗೀ. ಸೊಂಟದ ಹತ್ರ ಹೀಗೇ ಬಾಗಿಕೊಂಡಿದೆ... ಗಡಿಗೆ ಇಟ್ಕೊಂಡ ಹಾಗೆ. ಗಡಿಗೆ ಸಿಗಲಿಲ್ಲ. ಹುಡುಕಿದ್ವಿ. ಒಂದು ಚೂರೂ ಸಿಗಲಿಲ್ಲ."

ಸೊಸೆ ಕೆನ್ನೆ ಮುಟ್ಟಿಕೊಂಡಳು. ಅಲ್ಲಿ ಇನ್ನೂ ತಂಪಿತ್ತು.

ಆ ದಿನವೇ ಅವಳು ಬೆಟ್ಟ ಹತ್ತಿದಳು. ಅತ್ತೆಯನ್ನು ಕೇಳಲಿಲ್ಲ. ಗುಡಿಸಲಿನಲ್ಲಿ ತಾಯಿಯ ಅಕ್ಕ, ಅವಳ ದೊಡ್ಡವ್ವ, ಹೆಣದ ಪಕ್ಕ ಕೂತಿದ್ದಳು. ಸೊಸೆ ಎಲ್ಲವನ್ನೂ ಹೇಳಿದಳು. ಒರತೆಯ ಹೆಂಗಸರು ಅಚ್ಚರಿಪಡಲಿಲ್ಲ. ಹೊತ್ತ ನೀರು ಮುಟ್ಟಲೇಬೇಕು, ಮುಟ್ಟಿಸಿದಳು, ಅಷ್ಟೇ ಎಂಬಂತೆ ತಲೆಯಾಡಿಸಿದರು. ದೊಡ್ಡವ್ವ ಒಂದೇ ಒಂದು ಮಾತು ಕೇಳಿದಳು.

"ಕುಡಿಸಿದ ಮೇಲೆ ಮಾತಾಡಿದಳಾ?"

"ಇಲ್ಲ ದೊಡ್ಡವ್ವ. ಎಷ್ಟು ಕೇಳಿಕೊಂಡರೂ ಆಡಲಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೆಲ ನೋಡಿದರು.

"ಹೆಸರು ಕೂಗದಿದ್ದರೆ ಹೊತ್ತದ್ದು ಇಳಿಯೋದಿಲ್ಲ, ಮಗಾ" ಎಂದಳು ದೊಡ್ಡವ್ವ. "ಇನ್ನೂ ನಡೀತಾನೇ ಇರ್ತಾಳೆ. ಮಣ್ಣಿಗೆ ಇಟ್ಟರೂ ನಡೀತಾಳೆ."

"ನಾನು ಕೂಗಲಾ? ಅವಳ ಬದಲಿಗೆ?"

"ಹೊತ್ತವಳೇ ಕೂಗಬೇಕು. ಮಗೂನ ಒಂದು ಸಲ ಕರ್ಕೊಂಡು ಬಂದಿದ್ದರೆ..." ದೊಡ್ಡವ್ವ ಆ ಮಾತನ್ನು ಮುಗಿಸಲಿಲ್ಲ. ಸೊಸೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಗಡಿಗೆ ತುಂಬಿಸುವಾಗ ಆ ಹೆಸರನ್ನು ನನ್ನ ಕಿವೀಲಿ ಹೇಳಿದಳು. ವಯಸ್ಸಾಯ್ತಕ್ಕ, ದಾರೀಲಿ ಮರೆತುಬಿಟ್ಟರೆ ಅಂತ. ಇನ್ನು ಅದು ಯಾರ ಉಪಯೋಗಕ್ಕೂ ಬರೋದಿಲ್ಲ. ನೀನಾದರೂ ಇಟ್ಕೋ."

ಹೇಳಿದಳು. ಬೆಟ್ಟದ ಮಾತಿನ ಹೆಸರು. ಪಟ್ಟಣದವರ ನಾಲಿಗೆಯಲ್ಲಿ ಸುಲಭಕ್ಕೆ ಹೊರಳುವಂಥದ್ದಲ್ಲ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಆ ಮಗುವಿನದು.

ತಾಯಿಯನ್ನು ಮಣ್ಣಿಗಿಟ್ಟು ಮಾರನೆಯ ಸಂಜೆ ಸೊಸೆ ಇಳಿದು ಬಂದಳು. ದಾರಿಯುದ್ದಕ್ಕೂ ಕಿವಿಗೊಟ್ಟೇ ನಡೆದಳು. ತುಳುಕ್... ತುಳ್ ಎಂಬ ಸದ್ದು ಎಲ್ಲಿಯಾದರೂ ಕೇಳೀತು ಎಂಬ ಹೆದರಿಕೆ. ಕೇಳದಿದ್ದರೆ ಇನ್ನೂ ಹೆದರಿಕೆ. ಒಂದು ಮಾತು ಆಡಬೇಕಾದಾಗ ತಾನು ಆಡಲಿಲ್ಲ. ಅದಕ್ಕೇ ಇರಬೇಕು, ಅವ್ವನಿಗೂ ಆಡಲಾಗಲಿಲ್ಲ. ತನ್ನಿಂದಾಗಿ ಅವಳು ಆ ಕಾಲೆಳೆದುಕೊಂಡು ನಡೆಯುತ್ತಲೇ ಇರಬೇಕು. ಹೀಗೆಲ್ಲ ಯೋಚಿಸಿಕೊಂಡು ಬಂದಳು ಎಂದು ಅವಳೇ ನನಗೆ ಹೇಳಿದ್ದಾಳೆ.

ಮಗು ಹಾಸಿಗೆಯ ಮೇಲೆ ಎದ್ದು ಕೂತು ತೂಕದ ಕಲ್ಲುಗಳನ್ನು ಜೋಡಿಸುತ್ತಿತ್ತು. ಸೊಸೆ ಬಾಗಿಲಲ್ಲಿ ನಿಂತು, ಮನೆಯವರು ಇಟ್ಟ ಹೆಸರಿನಿಂದ ಕರೆದಳು. ಮಗು ತಲೆ ಎತ್ತಲಿಲ್ಲ. ಮತ್ತೆ ಕರೆದಳು.

"ಹಂಗಲ್ಲ" ಎಂದಿತು ಮಗು.

"ಹಂಗಲ್ಲ ಅಂದ್ರೆ?"

"ಅಜ್ಜಿ ಕರೆದ ಹಾಗೆ ಕರಿ."

"ನಿಮ್ಮಜ್ಜಿ ಅದೇ ಹೆಸರಿಂದಲೇ ಅಲ್ವೇನೇ ಕರೆಯೋದು?"

"ಆ ಅಜ್ಜಿ ಅಲ್ಲ. ಒದ್ದೆ ಅಜ್ಜಿ." ಮಗು ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು ಇಟ್ಟಿತು. "ಕಿವೀಲಿ ಕರೆದಳು. ನಾನು ದೂರ ಹೋಗ್ತಿದ್ದೆ. ಕರೆದಳು, ಬಂದೆ."

"ಏನಂತ ಕರೆದಳು?"

ಮಗು ಹೇಳಿತು. ಬೆಟ್ಟದ ಒಂದು ಮಾತೂ ಕೇಳಿರದ ಮಗು. ಆ ಹೆಸರನ್ನು, ದೊಡ್ಡವ್ವ ಹೇಳಿದಂತೆಯೇ, ಎಲ್ಲಿ ಎಳೆಯಬೇಕೋ ಅಲ್ಲೇ ಎಳೆದು ಹೇಳಿತು.

ಸೊಸೆ ಬಾಗಿಲಲ್ಲೇ ಕುಸಿದು ಕೂತಳು. ತಾಯಿ ಸತ್ತ ಸುದ್ದಿ ಕೇಳಿದಾಗ ಅಳದವಳು, ಮಣ್ಣು ಹಾಕುವಾಗ ಅಳದವಳು, ಆಗ ಅತ್ತಳು. ಅವ್ವ ಮಾತಾಡಿದ್ದಳು. ಹೊತ್ತದ್ದನ್ನು ಇಳಿಸಿ ಹೋಗಿದ್ದಳು. ಇನ್ನು ಅವಳು ನಡೆಯಬೇಕಾಗಿಲ್ಲ. ಆದರೆ ಇದ್ದ ಒಂದೇ ಮಾತನ್ನು ಮೊಮ್ಮಗಳಿಗೆ ಕೊಟ್ಟು ಹೋದಳು. ಮಗಳಿಗೆ ಒಂದೂ ಉಳಿಯಲಿಲ್ಲ. ಅದು ಸರಿಯೇ ಎಂದು ಅವಳು ನನಗೆ ಹೇಳಿದಳು. ಹೇಳುವಾಗ ಅವಳ ಬೆರಳು ಶಾಲಿನ ಅಂಚಿನಲ್ಲಿ ಒಂದು ದಾರವನ್ನು ಸುತ್ತುತ್ತಿತ್ತು... ಬಿಚ್ಚುತ್ತಿತ್ತು.

ನಡೆದದ್ದು ಇಷ್ಟು.

ಕಳೆದ ತಿಂಗಳು ನಮ್ಮ ದೊಡ್ಡಪ್ಪನವರಿಗೆ ಎಂಬತ್ತು ತುಂಬಿದ್ದಕ್ಕೆ ಕುಟುಂಬದವರೆಲ್ಲ ಊಟಕ್ಕೆ ಸೇರಿದ್ದೆವು. ಯಾರೋ ಬೆಟ್ಟದ ಮಾತೆತ್ತಿದರು. ಚಿಕ್ಕಮ್ಮ ಚಮಚ ಕೆಳಗಿಟ್ಟು, ಮೇಜಿನ ಆ ತುದಿಗೂ ಕೇಳುವಂತೆ ಹೇಳಿದರು: "ಬದುಕಿದ್ದಾಗ ಬರದವಳು ಸತ್ತ ಮೇಲೆ ಬಂದಳಂತೆ! ಗಡಿಗೆ ಸಂತೇಲಿ ತಂದಿದ್ದು. ರಾತ್ರಿ ಹೊತ್ತು ಇವಳು ಎಲ್ಲಿಗೆ ಹೋಗಿದ್ದಳೋ ದೇವರಿಗೇ ಗೊತ್ತು." ಮೇಜಿನ ಸುತ್ತ ನಗು ಹೋಯಿತು. ಸೊಸೆ ತಟ್ಟೆ ನೋಡುತ್ತ ಕೂತಳು. ಅವಳ ಗಂಡ ಎದ್ದು, ಮಗುವನ್ನು ಎತ್ತಿಕೊಂಡು, ಅವಳ ಕೈ ಹಿಡಿದು ಹೊರಗೆ ನಡೆದ.

ನಾನು ನಗಲಿಲ್ಲ. ಅಂದೇ ಅವರ ಹಿಂದೆ ಕಾರ್ಖಾನೆಗೆ ಹೋದೆ. ಗಡಿಗೆಯನ್ನು ತೊಲೆಯ ಕೊಕ್ಕೆಗೆ ನೇತುಹಾಕಿದ್ದಾರೆ, ನೆಲಕ್ಕೆ ತಾಗದಂತೆ. ಅಂದು ತುಂಬಿದ್ದ ನೀರು ಇನ್ನೂ ಕತ್ತಿನವರೆಗೆ ಹಾಗೇ ಇದೆ. ದೊಡ್ಡ ತಕ್ಕಡಿಗೆ ಬಟ್ಟೆ ಹೊದಿಸಿದ್ದಾರೆ. ಅದನ್ನು ಚಿಕ್ಕಪ್ಪನ ಮಗ ಮಾರಿಲ್ಲ. ನಾನು ಬಟ್ಟೆ ತೆಗೆಸಿದೆ. ಬೆರಳಿನ ಉಂಗುರ ತೆಗೆದು ಒಂದು ತಟ್ಟೆಗೆ ಹಾಕಿದೆ. ಮುಳ್ಳು ಕೂಡಲೇ ವಾಲಿತು. ಉಂಗುರ ತೆಗೆದೆ. ಮುಳ್ಳು ನಡುವಿಗೆ ಬಂತು. ತಕ್ಕಡಿಯಲ್ಲಿ ದೋಷವಿಲ್ಲ.

"ಈಗ ಗಡಿಗೆ ಇಡು" ಎಂದೆ.

ಇಟ್ಟ. ಎದುರಿನ ತಟ್ಟೆ ಖಾಲಿ.

ಮುಳ್ಳು ನಡುವಿನಿಂದ ಕದಲಲಿಲ್ಲ.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಗಡಿಗೆಯನ್ನು ಇನ್ನೊಂದು ತಟ್ಟೆಗೆ ಬದಲಾಯಿಸಿ ನೋಡಿದೆ. ಕದಲಲಿಲ್ಲ. ನಾನು ಕಂಡದ್ದನ್ನು ಕಂಡಷ್ಟೇ ಹೇಳುತ್ತಿದ್ದೇನೆ. ಬಂದು ನೋಡಿ ಎಂದು ಚಿಕ್ಕಮ್ಮನಿಗೆ ಹೇಳಿಕಳಿಸಿದೆ. ತಲೆನೋವು ಎಂದರು. ಆ ರಾತ್ರಿ ನೀರು ತುಳುಕುವ ಸದ್ದು ಕೇಳಿ ನೆಲದ ಪಾಲಿಶಿಗೆ ಹೆದರಿದವರು ಅವರೇ.

ನಮ್ಮ ಮನೆತನ ತನ್ನ ತಕ್ಕಡಿಯ ಮಾತನ್ನು ಈವರೆಗೆ ತಳ್ಳಿಹಾಕಿಲ್ಲ. ಆದ್ದರಿಂದ ಚಿಕ್ಕಮ್ಮ ಸೊಸೆಯ ಕ್ಷಮೆ ಕೇಳಬೇಕು. ಅವಳ ತಾಯಿಯ ಕ್ಷಮೆಯನ್ನೂ ಕೇಳಬೇಕು. ಅವತ್ತು ನಿಂತಿದ್ದ ಅದೇ ಮುಂಬಾಗಿಲಲ್ಲಿ ನಿಂತು, ಅಂದು ನಕ್ಕವರೆಲ್ಲರ ಎದುರು, ಬಾಯಿಬಿಟ್ಟು ಕೇಳಬೇಕು.